ಜೂಜಿನ ಚಟ: ಬಿಡಬೇಕೆಂದರೂ ಬಿಡಲಾಗದೇಕೆ?

ಮಕ್ಕಳಿಗೆ ಲಸಿಕೆ ಹಾಕಿಸುವ ವಿಷಯ, ಬಾಣಂತಿಯ ಆಹಾರದ ವಿಷಯ, ಇತ್ತೀಚೆಗೆ ಕುಡಿತದ ವಿಷಯವನ್ನು ಸಹ ನಮ್ಮ ಹಳ್ಳಿಗಳ ದಂಪತಿಗಳು ಆರೋಗ್ಯ ಕಾರ್ಯಕರ್ತೆಯರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡುತ್ತಾರೆ. ಜೂಜಿನ ವಿಷಯ ಬಂದಾಗ ಮಾತ್ರ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಇದಕ್ಕೆ ಕಾರಣವಿಲ್ಲದಿಲ್ಲ. ಕುಡಿದು ಬಂದವನನ್ನು ಬಾಯಿಯ ವಾಸನೆಯಿಂದ, ತಪ್ಪುವ ಹೆಜ್ಜೆಯಿಂದ ಮನೆಯವರು ಒಡನೆಯೇ ಗುರುತಿಸಬಲ್ಲರು. ಜೂಜಾಡಿ ಬಂದವನಲ್ಲಿ ಅಂತಹ ಗುರುತು ಯಾವುದೂ ಕಾಣದು. ಪೆಟ್ಟಿಗೆಯಲ್ಲಿದ್ದ ಓಲೆ ಕಾಣದಾದಾಗ, ಸಹಕಾರ ಸಂಘದ ನೋಟೀಸು ಬಾಗಿಲಿಗೆ ಬಂದಾಗ, ಪರಿಚಯವಿಲ್ಲದವನೊಬ್ಬ ಸಾಲ ಕೇಳಿಕೊಂಡು ಜಗಲಿಯ ಮೇಲೆ ಬಂದು ಕುಳಿತಾಗಲೇ ಸಂಗತಿ ಬಯಲಾಗುವುದು. ಆ ವೇಳೆಗೆ ಕೆಲವು ವರ್ಷಗಳೇ ಕಳೆದಿರುವುದುಂಟು.

ಆಗ ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಇಷ್ಟೆಲ್ಲಾ ಕಳೆದುಕೊಂಡ ಮೇಲೂ ಇವರಿಗೆ ಬುದ್ಧಿ ಬರಲಿಲ್ಲವೇ?” ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿಯದೆ ಮಾಡುವ ಜಗಳ, ಅಳು, ದೇವರ ಮುಂದೆ ಮಾಡಿಸುವ ಆಣೆ-ಪ್ರಮಾಣ ಇವು ಯಾವುವೂ ಹೆಚ್ಚು ದಿನ ಫಲ ಕೊಡಲಾರವು. ಆ ಉತ್ತರವನ್ನು ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ. ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಇದನ್ನು ಓದುವುದು ಒಳ್ಳೆಯದು. ಇಬ್ಬರಲ್ಲಿ ಒಬ್ಬರಿಗೆ ಓದು ಬಾರದಿದ್ದರೆ ಮತ್ತೊಬ್ಬರು ಓದಿ ಹೇಳಬೇಕು.

ಜೂಜಿನ ಚಟವು ಕೇವಲ ದುರ್ಗುಣವಲ್ಲ, ಚಿಕಿತ್ಸೆಗೆ ಒಳಪಡಿಸಬಹುದಾದ ಒಂದು ಕಾಯಿಲೆ ಎಂಬುದನ್ನು ವೈದ್ಯಶಾಸ್ತ್ರವು ಒಪ್ಪಿ ಬಹಳ ಕಾಲವಾಯಿತು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ಮಾನಸಿಕ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ಕೊಟ್ಟಿತು. 2013ರಲ್ಲಿ ಅದೇ ಸಂಘವು ಇದನ್ನು ಮದ್ಯ, ಅಫೀಮು ಮುಂತಾದವುಗಳ ವ್ಯಸನದ ಸಾಲಿಗೇ ಸೇರಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿಯೂ ಅದರ ಸ್ಥಾನ ಅಲ್ಲಿಯೇ. ಹೊಟ್ಟೆಗೆ ಏನನ್ನೂ ಸೇವಿಸದೆ ವ್ಯಸನವು ಹೇಗೆ ಬಂದೀತು ಎಂದು ನಿಮಗೆ ಸಂಶಯ ಬರಬಹುದು. ಸಹಜವಾದ ಸಂಶಯವೇ. ಅದನ್ನು ಮುಂದೆ ನೋಡೋಣ.

ವಿನೋದ ಯಾವುದು, ಚಟ ಯಾವುದು?

ಯುಗಾದಿಯ ಸಮಯದಲ್ಲಿ ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಅರಳಿಕಟ್ಟೆಯ ಮೇಲೆ, ತೋಪಿನ ನೆರಳಿನಲ್ಲಿ ಇಸ್ಪೀಟು ಆಡುವ ರೂಢಿಯುಂಟು. ಹೊಸತೊಡಕು ಕಳೆಯುತ್ತಲೇ ಬಹುಮಂದಿ ಎಲೆಗಳನ್ನು ಕಟ್ಟಿಟ್ಟು ಹೊಲದ ಕಡೆ ನಡೆಯುತ್ತಾರೆ. ಕರಾವಳಿಯಲ್ಲಿ ಕೋಳಿ ಅಂಕಕ್ಕೆ ಹೋದವರೆಲ್ಲರೂ ಮನೆ ಹಾಳುಮಾಡಿಕೊಂಡರೆಂದು ಹೇಳಲಾಗದು. ಹಣ ಕಟ್ಟಿ ಇವುಗಳನ್ನು ಆಡುವುದು ಕಾನೂನಿಗೆ ವಿರುದ್ಧವೆಂಬುದು ಬೇರೆ ಮಾತು. ಆದರೆ ಅದೇ ಗುಂಪಿನಲ್ಲಿ ಕೆಲವರಿಗೆ ಹಬ್ಬ ಮುಗಿದರೂ ಆಟ ಮುಗಿಯುವುದಿಲ್ಲ.

ಯಾರಿಗೆ ಚಟ ಹತ್ತುವುದೆಂದು ಮುಂಚಿತವಾಗಿ ಹೇಳಲು ಬಾರದು. ಎಳೆಯ ವಯಸ್ಸಿನಲ್ಲಿಯೇ ಆಡತೊಡಗಿದವರು, ತಂದೆ ಅಥವಾ ಅಣ್ಣಂದಿರು ಆಡುವುದನ್ನು ನೋಡಿ ಬೆಳೆದವರು, ಕುಡಿತದ ಅಭ್ಯಾಸವುಳ್ಳವರು, ಮನಸ್ಸಿಗೆ ಖಿನ್ನತೆ ಕವಿದವರು ಇವರಿಗೆ ಅಪಾಯ ಹೆಚ್ಚು. ಆಡತೊಡಗಿದ ಹೊಸದರಲ್ಲಿಯೇ ಒಂದು ದೊಡ್ಡ ಮೊತ್ತ ಕೈಗೆ ಬಂದಿತ್ತೆಂದು ಚಿಕಿತ್ಸೆಗೆ ಬಂದವರಲ್ಲಿ ಅನೇಕರು ಹೇಳುತ್ತಾರೆ. ಮೊದಲ ದಿನವೇ ಸೋತವನು ಒಂದು ಲೆಕ್ಕದಲ್ಲಿ ಪುಣ್ಯವಂತ. ಇನ್ನು, ಇದು ಗಂಡಸರ ಕಾಯಿಲೆ ಎಂದು ತಿಳಿಯುವುದೂ ಸರಿಯಲ್ಲ. ಇಸ್ಪೀಟಿನ ಅಡ್ಡೆಗೆ ಹೆಂಗಸರು ಹೋಗುತ್ತಿರಲಿಲ್ಲ, ನಿಜ. ಆದರೆ ಮೊಬೈಲ್ ದೂರವಾಣಿಯು ಅಡ್ಡೆಯನ್ನು ಅಡಿಗೆಮನೆಯವರೆಗೂ ತಂದಿದೆ.

ನಿಮ್ಮಲ್ಲಿ ಯಾರಿಗಾದರೂ ಸಂಶಯವಿದ್ದರೆ ವೈದ್ಯರು ಮೊದಲು ಕೇಳುವ ಎರಡು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಬಹುದು. ಹಿಂದಿಗಿಂತ ಹೆಚ್ಚು ಹೆಚ್ಚು ಹಣವನ್ನು ಪಣಕ್ಕಿಡಬೇಕೆಂದು ಎಂದಾದರೂ ಅನ್ನಿಸಿದೆಯೇ? ಎಷ್ಟು ಆಡಿದಿರೆಂಬ ವಿಷಯದಲ್ಲಿ ಮನೆಯವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಇವೆರಡರಲ್ಲಿ ಒಂದಕ್ಕಾದರೂ ‘ಹೌದು’ ಎಂಬ ಉತ್ತರ ಬಂದರೆ ವಿಷಯವನ್ನು ಹಗುರವಾಗಿ ಎಣಿಸಬಾರದು. ಆಡದ ದಿನ ಕಾರಣವಿಲ್ಲದೆ ಸಿಡುಕುವುದು, ಬಿಡುತ್ತೇನೆಂದು ಹಲವು ಬಾರಿ ನಿರ್ಧರಿಸಿ ಸೋಲುವುದು, ಮನಸ್ಸಿಗೆ ಬೇಸರವಾದಾಗಲೆಲ್ಲ ಆಟದ ನೆನಪಾಗುವುದು, ಕಳೆದುಕೊಂಡದ್ದನ್ನು ಹಿಂದಕ್ಕೆ ಪಡೆಯಲೆಂದೇ ಮರುದಿನ ಹೋಗುವುದು ಇವೂ ಲಕ್ಷಣಗಳೇ. ಕಡೆಯದು ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ.

ಓ.ಸಿ. ಚೀಟಿಯ ಲೆಕ್ಕ

ನಮ್ಮ ಜಿಲ್ಲೆಗಳಲ್ಲಿ ಬಹುಕಾಲದಿಂದ ಬೇರೂರಿರುವ ಮಟ್ಕಾ ಅಥವಾ ಓ.ಸಿ. ಆಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಟ್ಕಾ ಎಂದರೆ ಮಡಕೆ. ಮುಂಬಯಿಯಲ್ಲಿ ಮೊದಲು ನ್ಯೂಯಾರ್ಕಿನಿಂದ ತಂತಿಯ ಮೂಲಕ ಬರುತ್ತಿದ್ದ ಹತ್ತಿಯ ಧಾರಣೆಯ ಮೇಲೆ ಪಣ ಕಟ್ಟುತ್ತಿದ್ದರು. ಪೇಟೆ ತೆರೆದಾಗಿನ ಧಾರಣೆ ‘ಓಪನ್’, ಮುಚ್ಚುವಾಗಿನ ಧಾರಣೆ ‘ಕ್ಲೋಸ್’. 1960ರ ದಶಕದ ಆರಂಭದಲ್ಲಿ ಆ ಧಾರಣೆ ಬರುವುದು ನಿಂತುಹೋದಾಗ ಮಡಕೆಯೊಳಗಿಂದ ಚೀಟಿ ಎತ್ತುವ ಪದ್ಧತಿ ಬಂದಿತು. ಹತ್ತಿಯೂ ಹೋಯಿತು, ಮಡಕೆಯೂ ಹೋಯಿತು. ಓ.ಸಿ. ಎಂಬ ಹೆಸರೂ ಅಂಕಿಯ ಹುಚ್ಚೂ ಉಳಿದುಕೊಂಡವು.

ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಒಟ್ಟು 100 ಜೋಡಿ ಅಂಕಿಗಳಿವೆ. ನೀವು ಕಟ್ಟಿದ ಜೋಡಿ ಬಂದರೆ 1 ರೂಪಾಯಿಗೆ 80 ರೂಪಾಯಿ ಕೊಡುವುದು ಅನೇಕ ಕಡೆಗಳಲ್ಲಿರುವ ರೂಢಿ. ಊರಿನ ನೂರು ಮಂದಿ ಒಂದೊಂದು ಜೋಡಿಯ ಮೇಲೆ ಒಂದೊಂದು ರೂಪಾಯಿ ಕಟ್ಟಿದರೆಂದು ಭಾವಿಸಿರಿ. ಚೀಟಿ ಬರೆಯುವವನ ಕೈಗೆ 100 ರೂಪಾಯಿ ಸೇರಿತು. ಒಬ್ಬನು ಗೆದ್ದನು, ಅವನಿಗೆ 80 ರೂಪಾಯಿ ಹೋಯಿತು. ಉಳಿದ 20 ರೂಪಾಯಿ ಆಡಿಸುವವರದು. ಯಾವ ಅಂಕಿ ಬಂದರೂ ಅವರ 20 ರೂಪಾಯಿ ತಪ್ಪದು. ಅದೃಷ್ಟದ ಮಾತು ಆಡುವವನಿಗೆ ಮಾತ್ರ ಅನ್ವಯಿಸುತ್ತದೆ.

ನೂರಕ್ಕೆ ಇಪ್ಪತ್ತು ತಾನೇ ಎನ್ನಬಹುದು. ಆದರೆ ಗೆದ್ದವನು ಹಣವನ್ನು ಮನೆಗೆ ತರುವುದಿಲ್ಲ, ಮತ್ತೆ ಕಟ್ಟುತ್ತಾನೆ. ಹೀಗೆ ಬಂದ ಹಣವನ್ನು ತಿರುಗಿ ತಿರುಗಿ ಕಟ್ಟುತ್ತಾ ಹೋದರೆ ಆಡುವವರ ಕೈಯಲ್ಲಿದ್ದ 100 ರೂಪಾಯಿ ಸರಾಸರಿಯಲ್ಲಿ ಮೊದಲ ಸುತ್ತಿಗೆ 80 ಆಗುತ್ತದೆ. ಎರಡನೆಯದಕ್ಕೆ 64, ಮೂರನೆಯದಕ್ಕೆ 51, ನಾಲ್ಕನೆಯದಕ್ಕೆ 41, ಐದನೆಯದಕ್ಕೆ 33. ಹತ್ತು ಸುತ್ತು ಮುಗಿಯುವಷ್ಟರಲ್ಲಿ ಉಳಿಯುವುದು 11 ರೂಪಾಯಿಯ ಆಸುಪಾಸು. ಮೊಬೈಲಿನಲ್ಲಿ ಹಣವಿಟ್ಟು ಆಡುವ ಆಟಗಳ ಲೆಕ್ಕವೂ ಹೆಚ್ಚು ಭಿನ್ನವಲ್ಲ. ಸುತ್ತು ಸುತ್ತಿಗೂ ನಡೆಸುವವನು ತನ್ನ ಪಾಲನ್ನು ಮುರಿದುಕೊಳ್ಳುತ್ತಾನೆ. ಮಟ್ಕಾದ ಫಲಿತಾಂಶಕ್ಕೆ ಗಂಟೆಗಟ್ಟಲೆ ಕಾಯಬೇಕು. ಮೊಬೈಲಿನಲ್ಲಿ ಹತ್ತು ಸುತ್ತುಗಳು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತವೆ.

ನಮ್ಮ ರಾಜ್ಯದಲ್ಲಿ ಲಾಟರಿ ಮಾರಾಟವನ್ನು 2007ರಲ್ಲಿ ನಿಲ್ಲಿಸಲಾಯಿತು. ಒಂದಂಕಿ ಲಾಟರಿಯಿಂದ ಹಾಳಾದ ಸಂಸಾರಗಳನ್ನು ಆ ಕಾಲದವರು ಇನ್ನೂ ನೆನೆಯುತ್ತಾರೆ. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಈ ಶಾಸನವು ಶಿಕ್ಷೆ ವಿಧಿಸುವುದು ಆಡಿಸುವವರಿಗೆ ಮತ್ತು ಜಾಹೀರಾತು ಮಾಡುವವರಿಗೆ, ಆಡಿ ಕಳೆದುಕೊಂಡವರಿಗಲ್ಲ. ಆದುದರಿಂದ ಇಂತಹ ಆಟದಲ್ಲಿ ಸಿಕ್ಕಿಬಿದ್ದವರು ವೈದ್ಯರ ಬಳಿ ಹೇಳಿಕೊಳ್ಳಲು ಹೆದರಬೇಕಾಗಿಲ್ಲ.

ಲೆಕ್ಕ ತಿಳಿದವನೂ ಆಡುವುದೇಕೆ?

ಮೇಲಿನ ಲೆಕ್ಕವನ್ನು ಚಟಗಾರನಿಗೆ ವಿವರಿಸಿ ನೋಡಿರಿ. ಬಹುಪಾಲು ಅವನು ನಿಮಗಿಂತ ಚೆನ್ನಾಗಿ ಬಲ್ಲನು. ಹಾಗಾದರೆ ಅವನನ್ನು ಎಳೆಯುವುದು ಯಾವುದು?

ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಗೂಡಿನ ಗೋಡೆಯಲ್ಲಿ ಒಂದು ಬಿಲ್ಲೆ. ಅದನ್ನು ಕುಕ್ಕಿದರೆ ಕಾಳು ಬೀಳುವ ಏರ್ಪಾಡು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳವು ಕಾಳು ಬರುವುದು ನಿಂತೊಡನೆ ಸ್ವಲ್ಪ ಹೊತ್ತಿನಲ್ಲಿಯೇ ಕುಕ್ಕುವುದನ್ನು ಬಿಟ್ಟಿತು. ಆದರೆ ಯಾವ ಕುಕ್ಕಿಗೆ ಕಾಳು ಬೀಳುವುದೋ ತಿಳಿಯದಂತೆ, ಒಮ್ಮೆ ಮೂರನೆಯದಕ್ಕೆ, ಒಮ್ಮೆ ನಲವತ್ತನೆಯದಕ್ಕೆ ಕಾಳು ಪಡೆಯುತ್ತಿದ್ದ ಪಾರಿವಾಳವು ಕಾಳು ಸಂಪೂರ್ಣವಾಗಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಆಗೊಮ್ಮೆ ಈಗೊಮ್ಮೆ ಬರುವ ಗೆಲುವು ದಿನವೂ ಬರುವ ಗೆಲುವಿಗಿಂತ ಬಲವಾದ ಕಟ್ಟು. ಕೆರೆಯಲ್ಲಿ ಗಾಳ ಹಾಕಿ ಕುಳಿತವನನ್ನು ನೀವು ನೋಡಿದ್ದೀರಿ. ಹೊತ್ತು ಮುಳುಗಿದರೂ ಅವನು ಏಳನು. ಮುಂದಿನ ಗಳಿಗೆಗೆ ಮೀನು ಕಚ್ಚೀತೆಂಬ ಆಸೆ ಅವನಿಗೆ.

ಮಿದುಳಿನಲ್ಲಿ ಆಗುವುದೇನೆಂಬುದು ಸಹ ಈಗ ಸಾಕಷ್ಟು ತಿಳಿದುಬಂದಿದೆ. ನಮ್ಮ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ಆಸೆಯನ್ನು ಹುಟ್ಟಿಸಿ ಕೆಲಸಕ್ಕೆ ಪ್ರೇರೇಪಿಸುವುದರಲ್ಲಿ ಅದರ ಪಾತ್ರ ದೊಡ್ಡದು. ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಮಂಗಗಳಿಗೆ ಹಣ್ಣಿನ ರಸ ಕೊಡುತ್ತಾ ಈ ಡೋಪಮೈನ್ ಕಣಗಳನ್ನು ಪರೀಕ್ಷಿಸಿದರು. ರಸ ಬರುವ ಮುನ್ನ ಒಂದು ಸಂಕೇತ ತೋರಿಸುವುದು ರೂಢಿಯಾದ ಮೇಲೆ ಕಣಗಳು ಚುರುಕಾದದ್ದು ರಸ ಬಾಯಿಗೆ ಬಿದ್ದಾಗ ಅಲ್ಲ, ಸಂಕೇತ ಕಂಡಾಗ. 2003ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ರಸ ಬರುವುದೋ ಬಾರದೋ ಎಂಬುದು ಸರಿಸಮನಾದ ಸಂಶಯದಲ್ಲಿದ್ದಾಗ ಈ ಕಣಗಳ ಚಟುವಟಿಕೆಯು ಕಾಯುವ ಹೊತ್ತಿನ ಉದ್ದಕ್ಕೂ ಏರುತ್ತಾ ಹೋದುದು ಕಂಡುಬಂದಿತು. ಅಂದರೆ ಜೂಜುಗಾರನಿಗೆ ಅಮಲು ಕೊಡುವುದು ಗೆದ್ದ ಹಣಕ್ಕಿಂತ ಹೆಚ್ಚಾಗಿ, ಎಲೆ ತಿರುವುವ ಮುಂಚಿನ ಆ ಕ್ಷಣ. ಗೆದ್ದ ಹಣವನ್ನು ಅವನು ಮನೆಗೆ ತಾರದೆ ಅಲ್ಲಿಯೇ ಕಟ್ಟುವುದು ಏಕೆಂಬುದಕ್ಕೆ ಇದೇ ಕಾರಣ. ಹೆಂಡತಿಯ ಮೇಲೆ, ಮಕ್ಕಳ ಮೇಲೆ ಪ್ರೀತಿಯಿಲ್ಲವೆಂದು ಅರ್ಥವಲ್ಲ. ಹೊಟ್ಟೆಗೆ ಏನೂ ಹೋಗದಿದ್ದರೂ ವ್ಯಸನ ಬರುವ ಬಗೆ ಇದು.

ಇದರ ಮೇಲೆ ಮನಸ್ಸು ತಾನೇ ಹೆಣೆಯುವ ಕೆಲವು ಬಲೆಗಳಿವೆ. 47 ಕಟ್ಟಿದವನಿಗೆ 48 ಬಂದರೆ “ಒಂದೇ ಒಂದರಲ್ಲಿ ತಪ್ಪಿತು” ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. 48 ಬಂದರೂ 91 ಬಂದರೂ ಅವನು ಕಟ್ಟಿದ ರೂಪಾಯಿ ಹೋದದ್ದು ಒಂದೇ. ಆದರೆ ಕೂದಲೆಳೆಯಲ್ಲಿ ತಪ್ಪಿದ ಸೋಲಿಗೆ ಮಿದುಳು ಗೆಲುವಿಗೆ ಸ್ಪಂದಿಸುವಂತೆಯೇ ಬಹುಮಟ್ಟಿಗೆ ಸ್ಪಂದಿಸುವುದೆಂದು ಸಂಶೋಧನೆಗಳು ತೋರಿಸಿವೆ. ಹಳೆಯ ಫಲಿತಾಂಶಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು, ಕನಸಿನಲ್ಲಿ ಕಂಡದ್ದಕ್ಕೆ ಅಂಕಿ ಹೊಂದಿಸಿಕೊಂಡು ಲೆಕ್ಕ ಹಾಕುವವರೂ ಇದ್ದಾರೆ. ಬಹಳ ದಿನದಿಂದ ಬಾರದ ಅಂಕಿ ಇನ್ನು ಬರಲೇಬೇಕೆಂಬುದು ಅವರ ತರ್ಕ. 1913ರಲ್ಲಿ ಯೂರೋಪಿನ ಮಾಂಟೆ ಕಾರ್ಲೊ ಎಂಬಲ್ಲಿನ ಜೂಜುಕಟ್ಟೆಯಲ್ಲಿ ತಿರುಗುವ ಚಕ್ರವು ಸತತವಾಗಿ 26 ಬಾರಿ ಕಪ್ಪು ಬಣ್ಣದ ಮೇಲೆ ನಿಂತಿತು. ಇನ್ನೇನು ಕೆಂಪು ಬರಲೇಬೇಕೆಂದು ಕಟ್ಟಿದ ಶ್ರೀಮಂತರು ಅಂದು ಅಪಾರ ಹಣ ಕಳೆದುಕೊಂಡರು. ಚಕ್ರಕ್ಕೂ ಚೀಟಿಗೂ ನಿನ್ನೆಯ ನೆನಪಿರುವುದಿಲ್ಲ.

ಎಲ್ಲಕ್ಕಿಂತ ಬಲವಾದ ಬಲೆ ಇನ್ನೊಂದಿದೆ. ಹಾವೇರಿ ಕಡೆಯ ಒಬ್ಬ ರೈತನು ಮೆಕ್ಕೆಜೋಳ ಮಾರಿದ ಹಣದಲ್ಲಿ 5,000 ರೂಪಾಯಿ ಸೋತನೆಂದು ಇಟ್ಟುಕೊಳ್ಳಿರಿ. ಇಷ್ಟಕ್ಕೇ ಎದ್ದು ಬಂದರೆ ಮನೆಯಲ್ಲಿ ಹೇಳಬೇಕು, ನಾಚಿಕೆ ಪಡಬೇಕು. ಇನ್ನೊಂದು ಆಟ ಗೆದ್ದರೆ ಯಾರಿಗೂ ಹೇಳಬೇಕಾಗಿಲ್ಲ. ಆದುದರಿಂದ ಮತ್ತೆ 5,000 ಕಟ್ಟುತ್ತಾನೆ. ಅದೂ ಹೋದರೆ 10,000 ಬೇಕು. ಅದಕ್ಕೆ ನೂರಕ್ಕೆ ಐದರ ಬಡ್ಡಿ. ತಿಂಗಳಿಗೆ ನೂರಕ್ಕೆ ಐದೆಂದರೆ ವರ್ಷಕ್ಕೆ ನೂರಕ್ಕೆ ಅರವತ್ತು. ಇಲ್ಲಿಂದ ಮುಂದೆ ಅವನು ಆಡುವುದು ಲಾಭದ ಆಸೆಗಲ್ಲ, ಹೋದುದನ್ನು ಮರಳಿ ತಂದು ಯಾರಿಗೂ ತಿಳಿಯದಂತೆ ಇಟ್ಟುಬಿಡುವುದಕ್ಕೆ. ಹೊರಗಿನವರು ಇದನ್ನು ದುರಾಸೆ ಎನ್ನುತ್ತಾರೆ. ಆ ಮಾತು ಅಷ್ಟು ಸರಿಯಲ್ಲ. ಇದು ಹೆಚ್ಚಾಗಿ ಭಯ ಮತ್ತು ನಾಚಿಕೆ.

ಕೊಳವೆಬಾವಿ ಕೊರೆಸಿದವರಿಗೆ ಈ ಮನಸ್ಸಿನ ಸ್ಥಿತಿ ಸುಲಭವಾಗಿ ಅರ್ಥವಾದೀತು. 600 ಅಡಿ ಹೋದರೂ ಧೂಳೇ. ನಿಲ್ಲಿಸಿದರೆ ಅಷ್ಟು ಹಣವೂ ಮಣ್ಣುಪಾಲು. ಇನ್ನು 50 ಅಡಿ ಹೋದರೆ ನೀರು ಬಂದರೂ ಬಂದೀತು. ಹೋದ 600 ಅಡಿಯ ಹಣವೇ ಮುಂದಿನ 50 ಅಡಿಗೆ ನಮ್ಮನ್ನು ತಳ್ಳುತ್ತದೆ. ನೆಲದಡಿಯಲ್ಲಿ ನೀರಾದರೂ ಇರುವ ಸಂಭವವುಂಟು. ಓ.ಸಿ. ಚೀಟಿಯ ಆಳದಲ್ಲಿ ನೀರಿಲ್ಲ.

ಬಯಲಾಟದಲ್ಲಿಯೋ ಯಕ್ಷಗಾನದಲ್ಲಿಯೋ ದ್ಯೂತದ ಪ್ರಸಂಗವನ್ನು ನೀವು ನೋಡಿರುತ್ತೀರಿ. ಧರ್ಮರಾಯನು ಐಶ್ವರ್ಯವನ್ನು ಸೋತನು, ರಾಜ್ಯವನ್ನು ಸೋತನು, ತಮ್ಮಂದಿರನ್ನು, ತನ್ನನ್ನು, ಕಡೆಗೆ ದ್ರೌಪದಿಯನ್ನೂ ಪಣಕ್ಕಿಟ್ಟು ಸೋತನು. ಪ್ರತಿ ಸೋಲಿಗೂ ಮುಂದಿನ ಪಣ ದೊಡ್ಡದಾಯಿತೇ ಹೊರತು ಆಟ ನಿಲ್ಲಲಿಲ್ಲ. ಜನರು ಸಾಮಾನ್ಯವಾಗಿ ಗಮನಿಸದೆ ಬಿಡುವ ಭಾಗ ಇದರ ನಂತರದ್ದು. ದ್ರೌಪದಿಯು ಪಡೆದ ವರದಿಂದ ಎಲ್ಲವೂ ಹಿಂದಿರುಗಿ ಬಂದಿತು. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು. ಮತ್ತೆ ಕರೆ ಬಂದಿತು, ಧರ್ಮರಾಯನು ಮತ್ತೆ ಹೋಗಿ ಕುಳಿತನು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಬಂದದ್ದು ಈ ಎರಡನೆಯ ಆಟದಿಂದ. ಧರ್ಮವನ್ನು ಬಲ್ಲವನೆಂದು ಹೆಸರಾದವನ ಕಥೆ ಇದು. ಕಳೆದುದೆಲ್ಲವನ್ನೂ ಮರಳಿ ಕೊಟ್ಟರೆ ಚಟ ಬಿಟ್ಟುಹೋಗುವುದೆಂದು ನಂಬುವ ಮನೆಯವರು ಇದನ್ನು ನೆನಪಿನಲ್ಲಿಡಬೇಕು.

ಸಾಲ ತೀರಿಸಿದರೆ ಆಗದೇ?

ಹೆಂಡತಿಯು ತವರಿನ ಓಲೆಯನ್ನು ಅಡವಿಟ್ಟು, ಸ್ತ್ರೀಶಕ್ತಿ ಸಂಘದಲ್ಲಿ ತನ್ನ ಹೆಸರಿನಲ್ಲಿ ಸಾಲವೆತ್ತಿ ಗಂಡನ ಬಾಕಿಯನ್ನು ಕಟ್ಟುತ್ತಾಳೆ. ಅವನು ಕಣ್ಣೀರಿಟ್ಟು ಪ್ರಮಾಣ ಮಾಡುತ್ತಾನೆ. ಆ ಪ್ರಮಾಣ ಸುಳ್ಳಲ್ಲ. ಆ ಕ್ಷಣದಲ್ಲಿ ಅವನು ಮನಸಾರೆ ಹೇಳಿದ ಮಾತೇ. ಆದರೆ ಹೊರೆ ತಟ್ಟನೆ ಇಳಿದುಹೋದ ಆ ದಿನವು ಅವನ ಮಿದುಳಿನ ಪಾಲಿಗೆ ಮತ್ತೊಂದು ಗೆಲುವಿನ ದಿನ. ಸೋತರೂ ಕಡೆಗೆ ಯಾರೋ ಕೈ ಹಿಡಿಯುತ್ತಾರೆಂಬ ಪಾಠವನ್ನು ಅದು ಕಲಿಯುತ್ತದೆ. ಸಾಲ ತೀರಿಸಿದ ಮನೆಗಳಲ್ಲಿ ಚಟವು ಕೆಲವೇ ತಿಂಗಳಲ್ಲಿ ತಿರುಗಿ ಬರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಹಾಗೆಂದು ಗಂಡನನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಮಾಡಬೇಕಾದುದು ಬೇರೆ. ಮೊದಲು ಇಬ್ಬರೂ ಕುಳಿತು ಒಂದು ನೋಟುಪುಸ್ತಕದಲ್ಲಿ ಎಲ್ಲ ಸಾಲಗಳನ್ನೂ ಬರೆಯಬೇಕು: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಏನು ಅಡವಿದೆ. ಮೊದಲ ಸಲ ಬರೆಯುವಾಗ ಒಂದು ಸಾಲವನ್ನು ಮುಚ್ಚಿಡುವುದು ಬಹಳ ಸಾಮಾನ್ಯ. ಆ ಒಂದು ಸಾಲವೇ, ಅದನ್ನು ಗುಟ್ಟಾಗಿ ತೀರಿಸುವ ಸಲುವಾಗಿ, ಅವನನ್ನು ಮತ್ತೆ ಕಟ್ಟೆಗೆ ಎಳೆಯುತ್ತದೆ. ಆದುದರಿಂದ ಒಂದು ವಾರ ಬಿಟ್ಟು, ಕೋಪವಿಲ್ಲದೆ, ಇನ್ನೊಮ್ಮೆ ಕೇಳಬೇಕು. ಬರೆದು ಮುಗಿದ ಮೇಲೆ, ಆಟದಲ್ಲಿ ಹೋದ ಹಣ ಹೋಯಿತು, ಅದು ಆಟದಿಂದ ಮರಳಿ ಬಾರದು ಎಂಬುದನ್ನು ಇಬ್ಬರೂ ಒಪ್ಪಿಕೊಳ್ಳಬೇಕು. ಇದು ಬಹಳ ನೋವಿನ ಕೆಲಸ. ಇದಿಲ್ಲದೆ ಮುಂದಿನದು ಯಾವುದೂ ನಿಲ್ಲದು. ಸಾಲವನ್ನು ಅವನ ದುಡಿಮೆಯಿಂದಲೇ, ತಿಂಗಳಿಗೆ ಇಷ್ಟೆಂದು ಕಂತು ಮಾಡಿ ತೀರಿಸತಕ್ಕದ್ದು.

ಸಾಲ ಕೊಟ್ಟವರ ವಿಷಯದಲ್ಲಿ ಕಾನೂನನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಪಣದ ಒಪ್ಪಂದವು ಅಸಿಂಧು. ಪಣದಲ್ಲಿ ಗೆದ್ದ ಹಣಕ್ಕಾಗಿ ಯಾರೂ ದಾವೆ ಹೂಡುವಂತಿಲ್ಲ. ಪ್ರಾಮಿಸರಿ ನೋಟು ಬರೆದುಕೊಟ್ಟು ತಂದ ಕೈಗಡದ ಮಾತು ಬೇರೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಇಬ್ಬರಲ್ಲಿ ಯಾರೂ ಸಹಿ ಹಾಕಕೂಡದು. ಮೀಟರ್ ಬಡ್ಡಿ ವಸೂಲು ಮಾಡುವವರ ವಿರುದ್ಧ 2004ರ ರಾಜ್ಯ ಕಾಯ್ದೆಯೊಂದು ಇದೆ. ಪೊಲೀಸರಲ್ಲಿ ದೂರು ಕೊಡಬಹುದು. ಹೆಂಡತಿಯ ಒಡವೆ ಅವಳ ಸ್ತ್ರೀಧನ. ಅದರ ಮೇಲೆ ಗಂಡನಿಗೆ ಹಕ್ಕಿಲ್ಲ.

ಹಣದ ಹಿಡಿತವನ್ನು ಕೆಲವು ಕಾಲ ಹೆಂಡತಿಯ ಕೈಗೆ, ಅಥವಾ ಇಬ್ಬರಿಗೂ ಒಪ್ಪಿಗೆಯಾದ ಹಿರಿಯರೊಬ್ಬರ ಕೈಗೆ ಕೊಡುವುದು ಅನುಭವದಿಂದ ಒಳ್ಳೆಯದೆಂದು ಕಂಡುಬಂದಿದೆ. ಎ.ಟಿ.ಎಂ. ಕಾರ್ಡು, ಮೊಬೈಲಿನಲ್ಲಿ ಹಣ ಕಳುಹಿಸುವ ಏರ್ಪಾಡು, ಜಮೀನಿನ ಮೂಲಪತ್ರಗಳು ಇವೆಲ್ಲ ಇದರಲ್ಲಿ ಸೇರಿವೆ. ಬೆಳೆ ಮಾರುವ ದಿನ ಇಬ್ಬರೂ ಮಾರುಕಟ್ಟೆಗೆ ಹೋಗಿರಿ. ಇದನ್ನು ಅವಮಾನವೆಂದು ಪತಿಯು ಭಾವಿಸಬಾರದು. ಮುರಿದ ಕಾಲಿಗೆ ಕಟ್ಟು ಹಾಕಿಸಿಕೊಂಡವನು ಅವಮಾನ ಪಡುವುದಿಲ್ಲ.

ಅವನು ಸೋತು ಬಂದ ರಾತ್ರಿಯಲ್ಲಿ ಜಗಳ ತೆಗೆಯುವುದರಿಂದ ಪ್ರಯೋಜನವಿಲ್ಲ. “ಊಟಕ್ಕೆ ಏಳಿ. ಸಾಲದ ಮಾತು ನಾಳೆ ಡಾಕ್ಟರ ಮುಂದೆ ಆಡೋಣ. ಓಲೆ ಮಾತ್ರ ಕೇಳಬೇಡಿ, ಕೊಡೋದಿಲ್ಲ” ಎಂದು ಹೇಳಬಲ್ಲ ಹೆಂಡತಿಯು ಅವನಿಗೆ ನಿಜವಾದ ಸಹಾಯ ಮಾಡಿದಂತೆ. ಹಣಕ್ಕಾಗಿ ಹೊಡೆತ ಬಡಿತ ನಡೆದರೆ ಅದು ಬೇರೆ ವಿಷಯ, ಅದನ್ನು ಸಹಿಸಿಕೊಂಡಿರಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಜೂಜಿನ ಸಾಲ ಬಯಲಾದ ಹೊಸದರಲ್ಲಿ ಪ್ರಾಣಾಪಾಯದ ಸಂಭವ ಹೆಚ್ಚು. “ನಾನಿಲ್ಲದಿದ್ದರೇ ನಿಮಗೆಲ್ಲ ಒಳ್ಳೆಯದು” ಎಂಬಂತಹ ಮಾತು ಬಂದರೆ ಬೆದರಿಕೆಯೆಂದು ತಳ್ಳಿಹಾಕಬಾರದು. ಅವನನ್ನು ಒಬ್ಬನನ್ನೇ ಬಿಡಬೇಡಿರಿ. ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದ ತೆಗೆದು ಬೇರೆಯವರ ಬಳಿ ಬೀಗದಲ್ಲಿಡಿಸಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಮನಸ್ಸು ಹಗುರವಾಗುತ್ತದೆ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ-ಮಾನಸ್’ ಎಂಬ ಸರ್ಕಾರಿ ಸೇವೆ ಇದು.

ಚಿಕಿತ್ಸೆ

ಇದಕ್ಕೆ ನುಂಗಿದೊಡನೆ ಗುಣವಾಗುವ ಗುಳಿಗೆಯಿಲ್ಲ. ಚಟ ಬಿಡಿಸುವ ಪುಡಿ ಎಂದು ಸಂತೆಯಲ್ಲಿ ಮಾರುವವರಿಗೆ ಹಣ ಕೊಡಬೇಡಿರಿ. ಇಂದು ಹೆಚ್ಚು ಆಧಾರವಿರುವ ಚಿಕಿತ್ಸೆಯೆಂದರೆ ಮಾತಿನ ಚಿಕಿತ್ಸೆ. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಯಾವ ಮನಸ್ಥಿತಿಯಲ್ಲಿ ಆಟದ ಸೆಳೆತ ಬರುವುದೆಂದು ರೋಗಿಯೊಡನೆ ಕುಳಿತು ಹುಡುಕಿ, ಆ ದಾರಿಗಳನ್ನು ಒಂದೊಂದಾಗಿ ಬದಲಿಸಲು ಕಲಿಸುತ್ತಾರೆ. ಸೆಳೆತವು ಅಲೆಯಂತೆ ಏರಿ, ಅದಕ್ಕೆ ಬಲಿಯಾಗದಿದ್ದರೆ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ರೋಗಿಯು ಸ್ವತಃ ಅನುಭವಿಸಿ ಅರಿಯುವುದು ಈ ಚಿಕಿತ್ಸೆಯ ದೊಡ್ಡ ಭಾಗ. ಖಿನ್ನತೆ ಅಥವಾ ಕುಡಿತ ಜೊತೆಗಿದ್ದರೆ ಅವಕ್ಕೆ ಔಷಧಿಗಳುಂಟು. ಸೆಳೆತವನ್ನು ತಗ್ಗಿಸಲು ನಾಲ್‌ಟ್ರೆಕ್ಸೋನ್‌ನಂತಹ ಔಷಧಿಯನ್ನು ಕೆಲವರಿಗೆ ವೈದ್ಯರು ಕೊಡುವುದೂ ಉಂಟು.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಾಣಿರಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಅವರು ಕಳುಹಿಸಿಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಗಳ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಮೊಬೈಲ್ ಮುಂತಾದವುಗಳ ಅತಿ ಬಳಕೆಗೆ 2014ರಿಂದ ಒಂದು ಚಿಕಿತ್ಸಾಲಯವೂ ನಡೆಯುತ್ತಿದೆ. ಉತ್ತರದ ಜಿಲ್ಲೆಗಳವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ಒಂದೆರಡು ತಿಂಗಳು ಬಿಟ್ಟವನು ಯುಗಾದಿಯಲ್ಲಿಯೋ ಕ್ರಿಕೆಟ್ ಪಂದ್ಯಗಳ ಸಮಯದಲ್ಲಿಯೋ ಮತ್ತೆ ಒಮ್ಮೆ ಆಡಿಬಿಡುವುದುಂಟು. ಇದರಿಂದ ಚಿಕಿತ್ಸೆ ವ್ಯರ್ಥವಾಯಿತೆಂದು ತಿಳಿಯಬಾರದು. ಅಂತಹ ದಿನಗಳು ಮುಂಚೆಯೇ ಗೊತ್ತಿರುವುದರಿಂದ ನೆಂಟರ ಊರಿಗೆ ಹೋಗುವ, ಮಕ್ಕಳನ್ನು ಜಾತ್ರೆಗೆ ಕರೆದೊಯ್ಯುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬಹುದು. ಆಡಿ ಬಂದರೆ ಅಂದೇ ರಾತ್ರಿ ಹೇಳಿಬಿಡುವುದು, ಹೇಳಿದಾಗ ಮನೆಯವರು ಕೂಗಾಡದಿರುವುದು ಎಂಬ ಕರಾರು ದಂಪತಿಗಳ ನಡುವೆ ಇದ್ದರೆ ಒಂದು ದಿನದ ತಪ್ಪು ಒಂದು ವರ್ಷದ ಸಾಲವಾಗುವುದಿಲ್ಲ.

ಆಸ್ಪತ್ರೆಗೆ ಹೋಗುವಾಗ ಸಾಲದ ನೋಟುಪುಸ್ತಕವನ್ನೂ, ಬೇರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನೂ ಕೊಂಡೊಯ್ಯಿರಿ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸಾಲ್, ರೋಪಿನಿರೋಲ್ ಎಂಬ ಔಷಧಿಗಳು ಡೋಪಮೈನಿನಂತೆಯೇ ಕೆಲಸ ಮಾಡುವುದರಿಂದ, ಜೀವಮಾನದಲ್ಲಿ ಎಂದೂ ಎಲೆ ಮುಟ್ಟದ ಕೆಲವು ವೃದ್ಧರಿಗೆ ಸಹ ಜೂಜಿನ ಸೆಳೆತ ಹುಟ್ಟಿರುವುದುಂಟು. ಅಂತಹವರು ಗುಳಿಗೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಅವರು ಔಷಧಿಯನ್ನು ಬದಲಿಸುವರು. ಮೊದಲ ಭೇಟಿಗೆ ದಂಪತಿಗಳಿಬ್ಬರೂ ಹೋಗುವುದು ಉತ್ತಮ. ಆಡುವವರು ಬರಲು ಒಪ್ಪದಿದ್ದರೆ ಮನೆಯಲ್ಲಿರುವ ಇನ್ನೊಬ್ಬರು ಒಬ್ಬರೇ ಹೋಗಿ ವೈದ್ಯರನ್ನು ಕಾಣಬಹುದು. ಮುಂದೇನು ಮಾಡಬೇಕೆಂದು ಅವರಿಗೇ ತಿಳಿಸಿಕೊಡುತ್ತಾರೆ.